ಬಾಟಲಿಯೊಳಗಿನ ಮೂರು ದಿನ

ಜೂನ್ 4

ಅತ್ತಿಗೆಗೆ ನಮಸ್ಕಾರ.

ನೀವು ಬಸ್ಸಿನಲ್ಲಿ ಕಳಿಸಿದ ಎರಡು ಬಾಟಲಿ ನೀರು ಬಂದು ಮುಟ್ಟಿತು. ಒಂದರ ಮುಚ್ಚಳ ಸಡಿಲವಾಗಿ ಜೊತೆಗಿದ್ದ ಕಾಗದ ಅರ್ಧ ತೊಯ್ದುಹೋಗಿತ್ತು. ಓದಲು ಸಿಕ್ಕಿದ್ದು ಅಣ್ಣನ ಮೇಲಿನ ದೂರು ಮಾತ್ರ. ಅದು ಪ್ರತಿ ಕಾಗದದಲ್ಲೂ ಇರುತ್ತದಾದ್ದರಿಂದ ನಷ್ಟವೇನೂ ಆಗಲಿಲ್ಲ.

ನಿಮ್ಮ ನೂಲಿನ ಗಿರಣಿಯ ಶಿಶುವಿಹಾರಕ್ಕೆ ಬರುವ ತಾಯಂದಿರು ಹಿಂದಿನ ಕೋಣೆಯ ತೊಟ್ಟಿ ಯಾತಕ್ಕೆ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಹಿಂದಿನ ಕಾಗದದಲ್ಲಿ ಕೇಳಿದ್ದಿರಿ. ಹೀಗೆ ಹೇಳಿ. ಗಿರಣಿಯ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಎಂಬ ಉಪ್ಪು ವಿಪರೀತ ಇದೆ. ಸುತ್ತಲ ಹೊಲಗಳ ಗೊಬ್ಬರ, ಕೊಳಚೆ ಎಲ್ಲ ಇಳಿದು ಹೀಗಾಗಿದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಈ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆ ಕೂಸುಗಳ ರಕ್ತ ಉಸಿರನ್ನು ಹೊರಲಾರದೆ ಸೋಲುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ನಮ್ಮ ತೊಟ್ಟಿಯೊಳಗೆ ಇಳಿಬಿಟ್ಟ ಕರಿ ಬಟ್ಟೆಯ ಮೇಲೆ ಕಣ್ಣಿಗೆ ಕಾಣದ ಜೀವಿಗಳಿವೆ. ಬಟ್ಟೆಯಲ್ಲಿ ಇಷ್ಟೇ ಇಷ್ಟು ಕರೆಂಟು ಹರಿಸಿದರೆ ಅದರ ಬಲದಿಂದ ಅವು ನೈಟ್ರೇಟನ್ನು ಒಡೆದು, ಬರಿ ಗಾಳಿ ಮಾಡಿ ಬಿಟ್ಟುಬಿಡುತ್ತವೆ. ನೀರಿಗೆ ಏನನ್ನೂ ಬೆರೆಸುವುದಿಲ್ಲ.

ಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 140 ಮಿಲಿಗ್ರಾಂ ಬಂದಿದೆ. ತೊಟ್ಟಿಯಿಂದ ಹೊರಗೆ ಬಂದದ್ದು 31. ನಲವತ್ತೈದರ ಒಳಗಿದ್ದರೆ ಕೂಸುಗಳಿಗೆ ಕುಡಿಸಬಹುದು. ನಮ್ಮ ಮೇಷ್ಟ್ರು, ಅಂದರೆ ನನ್ನ ಗೈಡು, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಪ್ರತಿ ಗುರುವಾರ ಬಾಟಲಿಯನ್ನು ಕಂಠದವರೆಗೆ ತುಂಬಿಸಿ. ನಾನು ಕೊಟ್ಟ ಸಣ್ಣ ಸೀಸೆಯಿಂದ ಎರಡು ಹನಿ ಆಸಿಡ್ ಹಾಕಿ, ಗಟ್ಟಿಯಾಗಿ ಮುಚ್ಚಿ ಬಸ್ಸಿಗೆ ಕೊಡಿ. ಯಾಕೆ ಏನು ಎಂದು ಕೇಳಬೇಡಿ, ಅದು ನಮ್ಮ ಪದ್ಧತಿ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕೊಳವೆ, ರಬ್ಬರು, ಬಿರಡೆ ಎಂದು ವಾರಕ್ಕೊಂದು ಸಾಮಾನು ಕೇಳಿದರೆ ಇಲ್ಲಿನ ಸ್ಟೋರಿನವನು ನನ್ನನ್ನು ಕಂಡೊಡನೆ ಮುಖ ತಿರುಗಿಸುತ್ತಾನೆ. ಇರುವುದರಲ್ಲೇ ಸುಧಾರಿಸಿಕೊಳ್ಳಿ.

ನಿಮ್ಮ ನಾದಿನಿ


ಜೂನ್ 10

ಪುಟ್ಟಿಗೆ ಅತ್ತಿಗೆಯ ಆಶೀರ್ವಾದ.

ಇರುವುದರಲ್ಲೇ ಸುಧಾರಿಸಿಕೊಂಡಿದ್ದೇನೆ. ಇನ್ನು ಮೇಲೆ ಏನೂ ಕೇಳುವುದಿಲ್ಲ. ನಿನ್ನ ಸ್ಟೋರಿನವನು ನೆಮ್ಮದಿಯಾಗಿರಲಿ.

ನೀನು ಹೇಳಿದ್ದನ್ನೆಲ್ಲ ತಾಯಂದಿರಿಗೆ ಹೇಳಿದೆ. ತೊಟ್ಟಿಯೊಳಗೆ ಜೀವಿಗಳಿವೆ ಎನ್ನುತ್ತಲೇ ಅರ್ಧ ಜನ ಮೂಗು ಮುರಿದರು. ಆಗ ನಾನೇ ಎಲ್ಲರೆದುರು ನಲ್ಲಿಗೆ ಲೋಟ ಹಿಡಿದು ಗಟಗಟನೆ ಕುಡಿದು ತೋರಿಸಿದೆ. ನಿಮ್ಮಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಗಿರಣಿಯ ಕರೆಂಟು ನೋಡಿಕೊಳ್ಳುವವರು ನಿಮ್ಮ ತೊಟ್ಟಿಯ ಕರೆಂಟನ್ನೂ ನೋಡಿಕೊಳ್ಳುತ್ತಾರೆ, ಆದರೆ ಆ ನೀರು ಮಾತ್ರ ಕುಡಿಯುವುದಿಲ್ಲ.

ಗಿರಣಿಯಲ್ಲಿ ಇನ್ನೊಂದು ಪಾಳಿ ಶುರುವಾಯಿತು. ಒಂಬತ್ತು ಕೂಸುಗಳಿದ್ದ ಕಡೆ ಈಗ ಹದಿನೇಳು. ನೀರು ಸಾಲದೆ ನಿಮ್ಮಣ್ಣ ತೊಟ್ಟಿಯ ತಿರುಪನ್ನು ಇನ್ನೂ ಒಂದು ಸುತ್ತು ಬಿಟ್ಟರು. ಈಗ ಧಾರೆ ಚೆನ್ನಾಗಿ ಬರುತ್ತಿದೆ. ಹೊಸಬರಲ್ಲಿ ಒಬ್ಬ ಮೂರು ತಿಂಗಳಿನವನಿದ್ದಾನೆ. ಅತ್ತರೆ ಎಲ್ಲರೂ ಕೆಲಸ ಬಿಟ್ಟು ಎದ್ದು ಬರಬೇಕು, ಹಾಗಿದೆ ದರ್ಬಾರು. ಅದಕ್ಕೇ ನಾನು ಅವನನ್ನು ದೊರೆ ಎನ್ನುತ್ತೇನೆ. ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿದೆ, ಪುಡಿ ಹಾಲೇ ಗತಿ. ಆಕೆ ಊರಾಚೆಯ ನಲ್ಲಿಯಿಂದ ದಿನಾ ಒಂದು ಕ್ಯಾನು ನೀರು ಹೊತ್ತು ತರುತ್ತಾಳೆ. ನನ್ನ ನೀರನ್ನು ನಂಬುವುದಿಲ್ಲ.

ನೈಟ್ರೇಟ್ ನೋಡಲು ನೀನು ಕೊಟ್ಟ ಕಾಗದದ ಪಟ್ಟಿಗಳಲ್ಲಿ ಒಂದನ್ನು ನಿನ್ನೆ ನಲ್ಲಿಯ ನೀರಿನಲ್ಲಿ ಅದ್ದಿದೆ. ಕಡು ಗುಲಾಬಿ ಬಂತು. ನೈಟ್ರೇಟ್ ಕಡಿಮೆಯಿದ್ದರೆ ತಿಳಿ ಗುಲಾಬಿ ಬರಬೇಕಲ್ಲವೇ? ಬಾಟಲಿ ಕಳಿಸಿದ್ದೇನೆ, ನೋಡಿ ಹೇಳು.

ಅತ್ತಿಗೆ


ಜೂನ್ 15

ಅತ್ತಿಗೆ,

ಹನ್ನೊಂದು. ತಪ್ಪು ಓದಿದಿರೆಂದು ಮತ್ತೆ ನೋಡಬೇಡಿ, 11. ನಾನೂ ಎರಡು ಸಲ ಅಳೆದೆ. ಇಷ್ಟು ಕಡಿಮೆ ನಮ್ಮ ಪ್ರಯೋಗಾಲಯದ ತೊಟ್ಟಿಯಲ್ಲೂ ಬಂದಿಲ್ಲ. ಮೇಷ್ಟ್ರು ಆ ಹಾಳೆಯನ್ನು ತಮ್ಮ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾರೆ.

ಆ ಪಟ್ಟಿಗಳನ್ನು ಎಸೆದುಬಿಡಿ. ಮಕ್ಕಳ ಬಟ್ಟೆ ಒಣಗಿಸುವ ಕೋಣೆಯಲ್ಲಿ ತೇವ ಹಿಡಿದು ಕೆಟ್ಟಿರುತ್ತವೆ. ಯಂತ್ರ ಹೇಳಿದ್ದನ್ನು ನಂಬಿ. ನೀವು ನೀರು ಕುಡಿದು ತೋರಿಸಿದ್ದು ಓದಿ ನಗು ಬಂತು. ದೊಡ್ಡವರಿಗೆ ಆ ನೀರು ಏನೂ ಮಾಡುವುದಿಲ್ಲ, ಬಾವಿಯದ್ದನ್ನೇ ಕುಡಿದಿದ್ದರೂ ನೀವು ಹೀಗೇ ಇರುತ್ತಿದ್ದಿರಿ. ಆದರೂ ತಾಯಂದಿರಿಗೆ ಧೈರ್ಯ ಬಂದಿದ್ದರೆ ಒಳ್ಳೆಯದೇ ಆಯಿತು.

ಆ ಕ್ಯಾನಿನ ತಾಯಿಗೆ ಹೇಳಿ, ಇನ್ನು ಹೊರುವುದು ಬೇಡ.

ನಾದಿನಿ


ಜೂನ್ 24

ಪುಟ್ಟಿ,

ನಿನ್ನ ಕಾಗದ ಓದಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 11 ಎಂದು ಬರೆದಿದ್ದೇನೆ. ಮ್ಯಾನೇಜರು ಬಂದು ನೋಡಿ ತಲೆಯಾಡಿಸಿ ಹೋದರು. ಅವರು ತಲೆಯಾಡಿಸುವುದೆಂದರೆ ಸಾಮಾನ್ಯವಲ್ಲ.

ದೊರೆಯ ತಾಯಿಯನ್ನು ಒಪ್ಪಿಸಲು ಮಾತ್ರ ನಾಲ್ಕು ದಿನ ಹಿಡಿಯಿತು. ನಿನ್ನ ಕಾಗದವನ್ನು ಕೈಗೇ ಕೊಟ್ಟೆ. ಆಕೆ ನೂಲಿನ ಯಂತ್ರದ ಮುಂದೆ ಹತ್ತು ಗಂಟೆ ನಿಂತು ಬಂದವಳು, ನಿಂತೇ ಓದಿದಳು. ನಿಮ್ಮ ನಾದಿನಿ ಓದಿದೋರು, ಸುಳ್ಳು ಬರೆಯಲ್ಲ ಅಲ್ವಾ ಎಂದಳು. ನಾನು ಅವಳ ಹೆಗಲು ಹಿಡಿದು ಇಲ್ಲ, ಬರೆಯಲ್ಲ ಎಂದೆ. ಸೋಮವಾರದಿಂದ ಕ್ಯಾನು ತರುತ್ತಿಲ್ಲ. ಸಂಜೆ ಮನೆಗೂ ಇಲ್ಲಿಂದಲೇ ನೀರು ಒಯ್ಯುತ್ತಾಳೆ.

ದೊರೆ ಎರಡು ದಿನದಿಂದ ಸ್ವಲ್ಪ ಮಂಕಾಗಿದ್ದಾನೆ. ತುಟಿಯ ಸುತ್ತ ಬೂದಿ ಬಣ್ಣ ಕಂಡ ಹಾಗೆ ನನಗೆ ಅನಿಸಿತು. ನಿನ್ನ ಮೊದಲ ಕಾಗದ ನೆನಪಾಯಿತು. ಆಮೇಲೆ ಹಲಗೆಯ ಕಡೆ ನೋಡಿ ಸಮಾಧಾನ ಮಾಡಿಕೊಂಡೆ. ಶೀತ ಇರಬೇಕು.

ಅತ್ತಿಗೆ


ಜುಲೈ 2

ಅತ್ತಿಗೆ,

ಒಂದೇ ಪ್ರಶ್ನೆ. ಪ್ರತಿ ಬಾಟಲಿಗೂ ತಪ್ಪದೆ ಎರಡು ಹನಿ ಆಸಿಡ್ ಹಾಕುತ್ತಿದ್ದೀರಾ? ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಿರಿ. ಮರುಟಪಾಲಿನಲ್ಲೇ ಬೇಕು. ಮೇಷ್ಟ್ರ ವರದಿ ಹತ್ತನೇ ತಾರೀಖು ಹೋಗುತ್ತದೆ.

ನಾದಿನಿ


ಜುಲೈ 6

ಪುಟ್ಟಿಗೆ,

ಹೌದು.

ಕುಶಲ ಕೇಳುವಷ್ಟೂ ಪುರುಸೊತ್ತಿಲ್ಲದವಳಿಗೆ ಒಂದಕ್ಷರ ಹೆಚ್ಚು ಬರೆಯಬಾರದು ಎಂದುಕೊಂಡಿದ್ದೆ, ಆಗುತ್ತಿಲ್ಲ. ಹದಿನೈದು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ, ಎರಡು ಹನಿ ಎಣಿಸಲು ನನಗೆ ಬರುವುದಿಲ್ಲವೇ? ನಿನ್ನ ಕಾಗದವನ್ನು ನಿಮ್ಮಣ್ಣನಿಗೂ ತೋರಿಸಲಿಲ್ಲ.

ದೊರೆಗೆ ಶೀತವಲ್ಲ. ಶುಕ್ರವಾರ ಹಾಲು ಕುಡಿದು ಅರ್ಧ ಗಂಟೆಗೆ ಉಗುರೆಲ್ಲ ನೀಲಿಯಾಯಿತು. ಅಳುವುದಕ್ಕೂ ಶಕ್ತಿಯಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಾನೆ. ಗಿರಣಿಯ ಡಾಕ್ಟರು ಮೊದಲು ಕೇಳಿದ್ದೇ ನೀರಿನ ವಿಷಯ. ನಾನು ಓಡಿಹೋಗಿ ನಿನ್ನ ಕಾಗದ ತಂದು ತೋರಿಸಿದೆ. ಅವರು ಓದಿ, ಹಾಗಾದರೆ ಹೃದಯದ್ದೇ ತೊಂದರೆ, ಹುಟ್ಟಿನಿಂದ ಬಂದಿರಬೇಕು ಎಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ನಿನ್ನೆ ಮುಂಜಾನೆ ತಾಯಿ, ಮಗು ಇಬ್ಬರೂ ಅಲ್ಲಿಗೆ ಹೊರಟರು. ಹಲಗೆಯ ಮೇಲಿನ ಸಂಖ್ಯೆಯನ್ನು ಯಾಕೋ ಈಗ ನೋಡಲಾಗುತ್ತಿಲ್ಲ.

ಅತ್ತಿಗೆ


ಜುಲೈ 11

ಪ್ರೀತಿಯ ಅತ್ತಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ಕೆಲಸದ ಒತ್ತಡದಲ್ಲಿ ಹಾಗೆ ಬರೆದುಬಿಟ್ಟೆ. ನಿಮ್ಮ ಒಂದು ಮಾತಿನಿಂದ ತಲೆಯ ಮೇಲಿನ ಭಾರ ಇಳಿಯಿತು. ವರದಿ ನಿನ್ನೆಯೇ ಹೋಯಿತು. ಇನ್ನು ಆರು ಶಿಶುವಿಹಾರಗಳಲ್ಲಿ ಇಂಥದ್ದೇ ತೊಟ್ಟಿ ಕೂರಿಸುವ ಮಾತು ನಡೆದಿದೆ. ವರದಿಯ ಕೊನೆಯಲ್ಲಿ ನಿಮಗೂ ಅಣ್ಣನಿಗೂ ಕೃತಜ್ಞತೆ ಹೇಳಿದ್ದೇನೆ. ಅಣ್ಣ ಈಗಲಾದರೂ ಆ ನೀರು ಕುಡಿಯಲಿ.

ಮಗುವಿನ ಹೃದಯದ ವಿಷಯ ಓದಿ ಬೇಜಾರಾಯಿತು. ಈಗೆಲ್ಲ ಒಳ್ಳೆಯ ಡಾಕ್ಟರುಗಳಿದ್ದಾರೆ, ಗುಣವಾಗುತ್ತದೆ.

ನಾದಿನಿ


ಜುಲೈ 19

ಪುಟ್ಟಿ,

ಈ ಕಾಗದವನ್ನು ಬಸ್ಸಿನ ಡ್ರೈವರ ಕೈಯಲ್ಲಿ ಕೊಟ್ಟು, ನಿನ್ನ ಕೈಗೇ ಮುಟ್ಟಿಸಬೇಕೆಂದು ಹೇಳಿದ್ದೇನೆ. ಬೆಳಗಿನಿಂದ ಮೂರು ಸಲ ಮ್ಯಾನೇಜರ ಕೋಣೆಯಿಂದ ನಿಮ್ಮಲ್ಲಿಗೆ ಫೋನು ಮಾಡಿದೆ. ರಜೆಯೇನೋ, ಯಾರೂ ಎತ್ತಲಿಲ್ಲ.

ದೊರೆ ದೊಡ್ಡ ಆಸ್ಪತ್ರೆಯಲ್ಲಿ ಮೂರೇ ದಿನಕ್ಕೆ ಕೆಂಪಗಾದನಂತೆ. ಎಲ್ಲ ಪರೀಕ್ಷೆ ಮಾಡಿ, ಹೃದಯದಲ್ಲಿ ಏನೂ ಇಲ್ಲ ಎಂದು ಮನೆಗೆ ಕಳಿಸಿದರು. ಮೊನ್ನೆ ಬಂದಾಗ ನನ್ನ ಕನ್ನಡಕ ಕಿತ್ತುಕೊಂಡು ನಕ್ಕ. ನಾನೇ ಹಾಲು ಕಲಸಿ ಕುಡಿಸಿದೆ. ನಾನೇ, ಈ ಕೈಯಿಂದಲೇ. ನಿನ್ನೆ ಮಧ್ಯಾಹ್ನ ಮತ್ತೆ ನೀಲಿಯಾದ. ಡಾಕ್ಟರು ಸೂಜಿ ಹಾಕಿ ಎಳೆದ ರಕ್ತ ಕೆಂಪಾಗಿರಲಿಲ್ಲ, ಕಂದು ಬಣ್ಣಕ್ಕಿತ್ತು. ಅಲ್ಲಿ ಚೆನ್ನಾಗಿದ್ದವನು ಇಲ್ಲಿ ಬಂದ ಕೂಡಲೇ ಹೀಗಾಗುತ್ತಾನೆಂದರೆ, ಇಲ್ಲಿರುವುದು ಏನು? ನಾನು ಡಾಕ್ಟರ ಮುಂದೆ ನಿಂತು, ನೀರೇ ಇರಬೇಕು, ಕಾಗದ ನೋಡಬೇಡಿ, ಮಗುವನ್ನು ನೋಡಿ ಎಂದುಬಿಟ್ಟೆ. ಅವರು ಕೂಡಲೇ, ಹತ್ತಿರವೆಂದು ಊರಿನ ಆಸ್ಪತ್ರೆಗೇ ಕಳಿಸಿದರು. ಈಗ ಅಲ್ಲಿದ್ದಾನೆ. ಇನ್ನೂ ಕಣ್ಣು ಬಿಟ್ಟಿಲ್ಲ. ತೊಟ್ಟಿಯ ನಲ್ಲಿಗೆ ಬಟ್ಟೆ ಕಟ್ಟಿ, ಎಲ್ಲ ಕೂಸುಗಳಿಗೂ ಊರಾಚೆಯಿಂದ ನೀರು ತರಿಸುತ್ತಿದ್ದೇನೆ.

ಈಗ ನಿನಗೆ ಹೇಳಬೇಕಾದದ್ದು. ನಾನು ಆಸಿಡ್ ಹಾಕುತ್ತಿರಲಿಲ್ಲ. ನೀನು ಕೊಟ್ಟ ಸೀಸೆ ಜೂನ್ ಎಂಟರಂದು ಕಪಾಟಿನಿಂದ ಬಿದ್ದು ಒಡೆಯಿತು. ಒರೆಸುವಾಗ ಬೆರಳು ಸುಟ್ಟಿತು. ಅಂಬೆಗಾಲಿಡುವ ಮಕ್ಕಳಿರುವ ಕೋಣೆಗೆ ಮತ್ತೆ ಅದನ್ನು ತರಿಸಲು ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಿನ್ನನ್ನು ಮತ್ತೊಂದು ಸಾಮಾನು ಕೇಳುವುದಕ್ಕೆ ಮುಖವಿರಲಿಲ್ಲ. ಹಿಂದಿನ ಕಾಗದದಲ್ಲಷ್ಟೇ ನೀನು ಸಿಡುಕಿದ್ದೆ. ನೀರು ಕೆಡದೆ ಇರಲಿ ಎಂದು ಹಾಕುವುದಿರಬೇಕು, ಮೂರು ದಿನದ ದಾರಿಯಲ್ಲಿ ನೀರೇನು ಕೆಡುತ್ತದೆ ಎಂದುಕೊಂಡೆ. ನೀನು ಕೇಳಿದಾಗ ನನಗೆ ರೇಗಿತು, ಹೌದು ಎಂದು ಬರೆದೆ.

ಆ ಎರಡು ಹನಿಗೂ ಈ ಮಗುವಿಗೂ ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲ ಎಂದು ನೀನು ಹೇಳಿದರೆ ಸಾಕು ಎಂದು ಕೈಮುಗಿದು ಕೂತಿದ್ದೇನೆ.

ಅತ್ತಿಗೆ


ಜುಲೈ 21

ಅತ್ತಿಗೆ,

ನಿಮ್ಮ ಕಾಗದ ಕೈ ಸೇರಿದ ಕೂಡಲೇ ಆಸ್ಪತ್ರೆಗೆ ಫೋನು ಮಾಡಿದೆ. ಬಾವಿಯ ನೀರಿನ ಲೆಕ್ಕ, ನೈಟ್ರೇಟು, ಎಲ್ಲವನ್ನೂ ಅಲ್ಲಿನ ಡಾಕ್ಟರಿಗೆ ಹೇಳಿದೆ. ಅದಕ್ಕೆ ಔಷಧವಿದೆ, ಶುರು ಮಾಡಿದ್ದೇವೆ ಎಂದರು. ಮಗು ಹೇಗಿದೆ ಎಂದರೆ, ಈಗಲೇ ಹೇಳಲಾಗದು ಎಂದು ಇಟ್ಟುಬಿಟ್ಟರು.

ಸಂಬಂಧ ಇದೆ.

ತೊಟ್ಟಿಯಿಂದ ಬರುವ ನೀರಿನಲ್ಲಿ ಆ ಜೀವಿಗಳೂ ಒಂದಿಷ್ಟು ಉದುರಿ ಬರುತ್ತವೆ. ಕರಿ ಬಟ್ಟೆಯಿಂದ ಕಳಚಿದ ಪದರವೂ ಬರುತ್ತದೆ, ಕರೆಂಟಿಲ್ಲದಾಗ ಅದೇ ಅವಕ್ಕೆ ಬುತ್ತಿ. ಬಾಟಲಿ ಮುಚ್ಚಿ ಬೆಚ್ಚಗಿನ ಬಸ್ಸಿನಲ್ಲಿ ಇಟ್ಟರೆ ಅವು ಕೆಲಸ ನಿಲ್ಲಿಸುವುದಿಲ್ಲ. ನೀವು ತುಂಬಿಸುವಾಗ ಎಂಬತ್ತೋ ತೊಂಬತ್ತೋ ಇದ್ದದ್ದು, ದಾರಿಯ ಮೂರು ದಿನದಲ್ಲಿ ಬಾಟಲಿಯೊಳಗೇ ಇಳಿದಿಳಿದು ನನ್ನ ಮೇಜಿಗೆ ಬರುವಾಗ ಹನ್ನೊಂದಾಗಿರುತ್ತಿತ್ತು. ಎರಡು ಹನಿ ಆಸಿಡ್ ಹಾಕುವುದು ಅವುಗಳನ್ನು ಅಲ್ಲೇ ನಿಲ್ಲಿಸುವುದಕ್ಕೆ. ನಾನು ಅಳೆದದ್ದು ನಿಮ್ಮ ನಲ್ಲಿಯ ನೀರನ್ನಲ್ಲ. ನಾನು ಅಳೆದ ಆ ನೀರನ್ನು ಯಾವ ಮಗುವೂ ಕುಡಿಯಲಿಲ್ಲ. ನಿಮ್ಮ ಕಡು ಗುಲಾಬಿ ಪಟ್ಟಿಯೇ ಸತ್ಯ ಹೇಳಿತ್ತು, ಅದನ್ನು ನಾನು ಎಸೆಯಲು ಹೇಳಿದೆ.

ಇದೊಂದನ್ನು ಮೊದಲ ಕಾಗದದಲ್ಲೇ ನಾಲ್ಕು ಸಾಲಿನಲ್ಲಿ ಬರೆಯಬಹುದಿತ್ತು. ನಿಮಗೆ ಯಾಕೆ ಬೇಕು ಎಂದುಕೊಂಡೆ.

ನೀವು ಇಷ್ಟಕ್ಕೇ ಓದುವುದನ್ನು ನಿಲ್ಲಿಸಬೇಡಿ. ಸೀಸೆ ಒಡೆದದ್ದನ್ನು ನೀವು ಮುಚ್ಚಿಟ್ಟಿರಿ, ಅಷ್ಟೇ. ನಾನು ಮಾಡಿದ್ದು ಬೇರೆ. ಅಣ್ಣ ತಿರುಪು ಬಿಟ್ಟರು ಎಂದು ಜೂನ್ ಹತ್ತರಂದೇ ಬರೆದಿದ್ದಿರಿ. ನೀರು ಬೇಗ ಬೇಗ ಹರಿದುಹೋದರೆ ಸಂಖ್ಯೆ ಏರಬೇಕು. ಇಳಿಯಿತು. ಇದು ಇಲ್ಲಿ ಮೊದಲ ವರ್ಷದವರಿಗೂ ಗೊತ್ತಾಗುವ ಮಾತು. ನಾನು ಸಂತೋಷಪಟ್ಟೆ. ಜುಲೈ ಒಂದರಂದು, ಎರಡು ದಿನದ ಹಿಂದೆ ಅಳೆದು ಮೇಜಿನ ಮೇಲೆ ಮರೆತಿದ್ದ, ನೀವು ಕಳಿಸಿದ ಬಾಟಲಿಯ ಉಳಿದರ್ಧ ನೀರನ್ನು ಮತ್ತೆ ಅಳೆದೆ. ಮೊದಲು 29 ಇದ್ದದ್ದು 6 ಆಗಿತ್ತು. ಆವತ್ತೇ ನನಗೆ ಎಲ್ಲ ಹೊಳೆಯಿತು. ಹತ್ತು ದಿನದಲ್ಲಿ ವರದಿ ಹೋಗಬೇಕಿತ್ತು. ಮೇಷ್ಟ್ರು ಆಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ಬಾಟಲಿಯ ನೀರಿಗೆ ಒಂದು ಲಿಟ್ಮಸ್ ಪಟ್ಟಿ ಅದ್ದಿದ್ದರೆ ಆಸಿಡ್ ಇದೆಯೋ ಇಲ್ಲವೋ ಅರೆ ನಿಮಿಷದಲ್ಲಿ ತಿಳಿಯುತ್ತಿತ್ತು. ಪಟ್ಟಿಗಳು ನನ್ನ ಮೇಜಿನ ಖಾನೆಯಲ್ಲೇ ಇದ್ದವು. ನಾನು ಅದ್ದಲಿಲ್ಲ. ನಿಮ್ಮನ್ನು ಕೇಳಿದೆ. ಹಾಗೆ ಒರಟಾಗಿ ಕೇಳಿದರೆ ನಿಮ್ಮಿಂದ ಹೌದು ಎಂದೇ ಬರುತ್ತದೆಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಿದೆ. ಆರನೇ ತಾರೀಖಿನ ಕಾಗದದಲ್ಲಿ ಉಗುರು ನೀಲಿಯಾಯಿತು ಎಂದು ನೀವು ಬರೆದಿದ್ದಿರಿ. ಆ ಸಾಲನ್ನು ನಾನು ಮೂರು ಸಲ ಓದಿದೆ. ಆಮೇಲೆ, ಒಳ್ಳೆಯ ಡಾಕ್ಟರುಗಳಿದ್ದಾರೆ ಎಂದು ಬರೆದೆ.

ನಿಮ್ಮ ಕಾಗದಗಳನ್ನೆಲ್ಲ ಮೇಷ್ಟ್ರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ವರದಿ ವಾಪಸು ತೆಗೆದುಕೊಳ್ಳಿ, ಇಲ್ಲವಾದರೆ ನಾನೇ ಬರೆಯುತ್ತೇನೆ ಎಂದೆ. ಆ ತಾಯಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ಮಗುವಿನ ಸುದ್ದಿ ಬರೆಯಿರಿ, ಏನೇ ಇದ್ದರೂ ಬರೆಯಿರಿ.

ನಾದಿನಿ


ಜುಲೈ 27

ಪುಟ್ಟಿಗೆ,

ದೊರೆ ಬದುಕಿಕೊಂಡ. ಮಂಗಳವಾರ ಸಂಜೆ ಕಣ್ಣು ಬಿಟ್ಟ, ಬುಧವಾರ ಅತ್ತ. ಆ ಅಳು ಕೇಳಿ ನರ್ಸು ಬಂದು ಬಾಗಿಲು ಹಾಕಿಕೊಳ್ಳಿ ಎಂದಳು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದು ಬರೆಯಲು ಹೊರಟರೆ ನನ್ನ ಮೇಲಿನದ್ದನ್ನೂ ಬರೆಯಬೇಕಾಗುತ್ತದೆ. ಸದ್ಯಕ್ಕೆ ಎರಡೂ ಹಾಗೇ ಇರಲಿ. ನಿಮ್ಮಣ್ಣ ತಿರುಪಿನ ವಿಷಯ ಕೇಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಆಕೆಗೆ ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. ಅದಕ್ಕೇ ಹೇಳುವುದನ್ನು ಬಿಟ್ಟು, ನಿನ್ನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಕೊಟ್ಟೆ. ನಾನು ಏನೇನು ಬರೆದಿದ್ದೆ ಎಂಬುದನ್ನು ನೆನಪಿದ್ದಷ್ಟು ಬಾಯಲ್ಲಿ ಹೇಳಿದೆ, ಆ ಹೌದು ಎಂದದ್ದನ್ನೂ ಸೇರಿಸಿ. ಆಕೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಮಧ್ಯಾಹ್ನವಿಡೀ ಓದಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಇವತ್ತು ಬಂದು, ನಾನು ಹೇಳ್ತೀನಿ ನೀವು ಬರೀರಿ, ಒಂದು ಮಾತೂ ತಿದ್ದಬೇಡಿ ಎಂದು ಎದುರಿಗೆ ಕೂತಿದ್ದಾಳೆ. ಕೆಳಗಿನದು ಅವಳ ಮಾತು.

ನಾನು ಆ ಮಗು ತಾಯಿ. ನಂಗೆ ಓದೋಕೆ ಬರತ್ತೆ, ಬರೆಯೋದು ನಿಧಾನ, ಅದಕ್ಕೆ ಇವರ ಕೈಲಿ ಬರೆಸ್ತಿದೀನಿ. ನಿಮ್ಮ ಕಾಗದ ಎಲ್ಲಾ ಓದಿದೆ. ನೀವಿಬ್ರೂ ಕೆಟ್ಟೋರಲ್ಲ. ಅದೇ ನಂಗೆ ಹೆದರಿಕೆ. ಕೆಟ್ಟೋರಾಗಿದ್ರೆ ನಾನು ನಿಮ್ಮ ಮಾತು ಕೇಳಿ ಕ್ಯಾನ್ ಬಿಡ್ತಿರಲಿಲ್ಲ. ಇವರಿಗೆ ನಿಮ್ಮ ಹತ್ರ ಕೇಳೋಕೆ ನಾಚಿಕೆ, ನಿಮಗೆ ಮೇಷ್ಟ್ರ ಹತ್ರ ಹೇಳೋಕೆ ನಾಚಿಕೆ. ನಿಮ್ಮ ನಾಚಿಕೆ ಎಲ್ಲಾ ನನ್ನ ಮಗ ಕುಡಿದ. ಇನ್ನು ಆರು ಕಡೆ ತೊಟ್ಟಿ ಇಡ್ತೀರಂತೆ. ಇಡಬೇಡಿ ಅನ್ನಲ್ಲ, ನಮಗೂ ಒಳ್ಳೆ ನೀರು ಬೇಕು. ಆದ್ರೆ ಅದಕ್ಕೆ ಮುಂಚೆ ನೀವೇ ಇಲ್ಲಿಗೆ ಬನ್ನಿ. ಬಾಟಲಿ ಕಳಿಸಿ ಅನ್ನಬೇಡಿ. ನೀವು ಅವನನ್ನ ಒಂದು ಸಲಾನೂ ನೋಡಿಲ್ಲ. ಬಂದ ತಕ್ಷಣ ನಲ್ಲಿ ಹತ್ರ ಹೋಗಬೇಡಿ. ಮೊದಲು ಅವನನ್ನ ಎತ್ಕೊಳ್ಳಿ, ಎಷ್ಟು ಭಾರ ಇದಾನೆ ನೋಡಿ. ಆಮೇಲೆ ನೀರು ನೋಡಿ. ನಾನು ಪಕ್ಕದಲ್ಲೇ ನಿಂತಿರ್ತೀನಿ.